ನಮ್ಮತ್ತೆಗೆ ಲೋ ಬಿಪಿ ಅಂದರೆ ಯಾರು ನಂಬಬೇಕು

ನಮ್ಮತ್ತೆ ಗುರುಲಿಂಗಮ್ಮನವರಿಗೆ ಬಿಪಿ ಇದೆ ಎಂಬುದು ತೆಲುಗು ಸೀಮೆಯ ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ಎಲ್ಲರೂ ಒಪ್ಪಿದ ಮಾತಾಗಿತ್ತು. ಯಾರೂ ಅಳೆದು ನೋಡಿರಲಿಲ್ಲ. ಅಳೆಯುವುದೇನು ಬಂತು? ಓಣಿಯ ಆ ತುದಿಯಲ್ಲಿ ನೀರು ಹಿಡಿಯುವವರಿಗೂ ಕೇಳುವ ಹಾಗೆ ಬೈಯುವ ಹೆಂಗಸಿಗೆ ಬಿಪಿ ಇರದೆ ಇನ್ನೇನಿರುತ್ತದೆ? ಸಿಟ್ಟಿದ್ದವರಿಗೆ ಬಿಪಿ, ಬಿಪಿ ಇದ್ದವರಿಗೆ ಸಿಟ್ಟು. ನಮ್ಮ ಓಣಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಇಷ್ಟೇ. ಇಷ್ಟರಲ್ಲೇ ಎಲ್ಲರೂ ಸುಖವಾಗಿದ್ದರು, ನನ್ನೊಬ್ಬಳನ್ನು ಬಿಟ್ಟು.

ನಾನು ಗದ್ವಾಲದ ಮಗ್ಗದ ಮನೆಯವಳು. ಹೆಸರು ಗಂಗಾಂಬಿಕಾ, ಅತ್ತೆಯ ಬಾಯಲ್ಲಿ ಗಂಗಿ. ಮದುವೆಯಾಗಿ ಬಂದ ದಿನ ನನ್ನ ಗಂಡ ಮಲ್ಲೇಶ ಕಿವಿಯಲ್ಲಿ ಹೇಳಿದ ಮೊದಲ ಮಾತು ಪ್ರೀತಿಯದಲ್ಲ. "ಅವ್ವಗ ಬಿಪಿ ಐತಿ. ಎದುರು ಮಾತಾಡಬ್ಯಾಡ. ಏನರ ಆದ್ರ ನಿನ್ನ ತಲಿಮ್ಯಾಲೆ ಬರ್ತೈತಿ ನೋಡು." ನನಗೂ ಬಾಯಿ ಇದೆ, ತವರಿನಲ್ಲಿ ಅದಕ್ಕೆ ಹೆಸರೂ ಇತ್ತು. ಆದರೆ ಒಂದು ಎದುರುತ್ತರ ಕೊಟ್ಟು ಅತ್ತೆಯನ್ನು ಕೊಂದವಳು ಎನ್ನಿಸಿಕೊಳ್ಳುವ ಧೈರ್ಯ ಯಾವ ಸೊಸೆಗಿದೆ? ಬಾಯಿಗೆ ಬೀಗ ಹಾಕಿಕೊಂಡೆ.

ಆ ಬಿಪಿಯ ಬಲದಿಂದ ಅತ್ತೆ ಮನೆ ಆಳಿದರು. ಕೆಟ್ಟ ಸುದ್ದಿ ಏನೇ ಇದ್ದರೂ ಅವರು ಗುಳಿಗೆ ನುಂಗಿದ ಮೇಲೆಯೇ ಹೇಳಬೇಕು. ನೂಲಿನ ರೇಟು ಏರಿದ್ದು, ಹಾಲು ಉಕ್ಕಿದ್ದು, ಮಾವನವರ ಚಪ್ಪಲಿ ಕಳೆದದ್ದು, ಎಲ್ಲವೂ ಸಾಲಿನಲ್ಲಿ ನಿಂತು ಕಾಯಬೇಕು. "ಗುಳಿಗಿ ನುಂಗೀನಿ, ಏನೈತಿ ಹೇಳ್ರಿ" ಎಂದು ಅವರು ಡಂಗುರ ಹೊಡೆದ ಕೂಡಲೇ ನಾವು ಒಬ್ಬೊಬ್ಬರಾಗಿ ಹೋಗಿ ಒಪ್ಪಿಸುತ್ತಿದ್ದೆವು. ಆಮೇಲೂ ಬೈಯುತ್ತಿದ್ದರು. ಬೈದು ಮುಗಿಸಿ ಎದೆಯ ಮೇಲೆ ಕೈಯಿಟ್ಟು, "ನಾ ಬೈಯಂಗಿಲ್ಲವ್ವ, ಬಿಪಿ ಬೈಸತೈತಿ" ಅನ್ನುತ್ತಿದ್ದರು. ಬೈಸಿಕೊಂಡವರೇ ಓಡಿಹೋಗಿ ನೀರು ತಂದು ಕೊಡಬೇಕು.

ಇನ್ನು ಉಪ್ಪು. ಬಿಪಿ ಇದ್ದವರಿಗೆ ಉಪ್ಪು ಕೂಡದು ಎಂದು ಯಾರೋ ಹೇಳಿದ್ದರಿಂದ ನಮ್ಮ ಮನೆಯಲ್ಲಿ ಸಾರು, ಪಲ್ಯ, ಬೇಳೆ ಎಲ್ಲ ಸಪ್ಪೆ. ಅವರೊಬ್ಬರಿಗೆ ಬೇರೆ ಮಾಡೋಣ ಎಂದರೆ "ನನ್ನ ಬ್ಯಾರೆ ಇಟ್ರು" ಎಂದು ಬಿಪಿ ಏರುತ್ತದೆ. ಹಾಗಾಗಿ ಮನೆಯವರೆಲ್ಲರೂ ಬಿಪಿ ಇದ್ದವರ ಹಾಗೆಯೇ ಉಣ್ಣಬೇಕು. ನನ್ನ ಗಂಡ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿಂದು ಬಂದು ಹಸಿವಿಲ್ಲ ಅನ್ನುತ್ತಿದ್ದ. ಮಾವ ಶರಣಯ್ಯನವರು, ಮಾತೇ ಆಡದ ದೇವರಂಥ ಮನುಷ್ಯ, ನೂಲಿನ ಡಬ್ಬಿಯಲ್ಲಿ ಉಪ್ಪಿನ ಪೊಟ್ಟಣ ಬಚ್ಚಿಟ್ಟಿದ್ದರು. ನಾನು ಪಾತ್ರೆ ತೊಳೆಯುವಾಗ ಉಪ್ಪಿನಕಾಯಿ ನೆಕ್ಕುತ್ತಿದ್ದೆ. ಒಬ್ಬರ ಕಳ್ಳತನ ಒಬ್ಬರಿಗೆ ಗೊತ್ತಿದ್ದೂ ಮೂವರೂ ಸುಮ್ಮನಿದ್ದೆವು.

ಇಷ್ಟು ಹೇಳಿ ಇನ್ನೊಂದು ಮಾತು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಅತ್ತೆಯಂಥ ಕೈ ನಮ್ಮ ಓಣಿಯಲ್ಲಿ ಇನ್ನೊಂದಿಲ್ಲ. ಆಳು ನೋಡಿದರೆ ಐದಡಿಯೂ ಇಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಕಾಣುವುದು ತಲೆ, ಎರಡು ಕೈ ಮತ್ತು ಬಾಯಿ. ಆದರೆ ಅವರು ನೇಯ್ದ ಚೌಕಳಿ ಸೀರೆಯಲ್ಲಿ ಒಂದು ಚೌಕ ಸೊಟ್ಟ ಬಂದದ್ದು ನಾನು ನೋಡಿಲ್ಲ. ಪಕ್ಕದ ಮನೆಯ ಶಂಕ್ರಮ್ಮನ ಗಂಡ ಆಸ್ಪತ್ರೆ ಸೇರಿದಾಗ, ಆಕೆಯ ಮಗ್ಗದ ಮೇಲೆ ಅರ್ಧಕ್ಕೆ ನಿಂತಿದ್ದ ಸೀರೆಯನ್ನು ಇವರೇ ಹೋಗಿ ಕೂತು ಮುಗಿಸಿ ಕೊಟ್ಟರು. ಮುಗಿಸುವವರೆಗೂ "ಇದೇನು ನೇಯ್ಗಿಯೋ, ಕಸಬರಿಗಿ ಕಟ್ಟೀಯೋ" ಎಂದು ಶಂಕ್ರಮ್ಮನನ್ನು ಬೈದರು. ಆಕೆ ಅಳುತ್ತಾ ನಗುತ್ತಾ ಚಹಾ ಮಾಡಿ ಕೊಟ್ಟಳು.

ಸಂಜೆ ಮಗ್ಗದ ಕುಣಿಯಿಂದ ಎದ್ದಾಗ ಅತ್ತೆಗೆ ಕಣ್ಣು ಕತ್ತಲೆ ಬರುತ್ತಿತ್ತು. ಕಂಬ ಹಿಡಿದು ನಿಂತು, "ನೋಡ್ರಿ, ಏರ್ತು ಬಿಪಿ" ಎಂದು ಇನ್ನೊಂದು ಅರ್ಧ ಗುಳಿಗೆ ನುಂಗುತ್ತಿದ್ದರು. ಗುಳಿಗೆ ತರುತ್ತಿದ್ದದ್ದು ಮಕ್ತಲದಿಂದ, ಅವರ ಅಕ್ಕ ಉರುಕುಂದಮ್ಮನವರ ಊರಿನಿಂದ. ಅಲ್ಲಿಯ ಡಾಕ್ಟರು ಬರೆದು ಕೊಡುತ್ತಾರೆ ಎಂದು ನಾವು ತಿಳಿದಿದ್ದೆವು. ಕೇಳಿದವರು ಯಾರು?

ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಸಮುದಾಯ ಭವನಕ್ಕೆ ಆರೋಗ್ಯ ಶಿಬಿರ ಬಂತು. ಅತ್ತೆ ಇಸ್ತ್ರಿ ಸೀರೆ ಉಟ್ಟು, ಬಿಪಿಯ ಹಿರಿಯಳಾಗಿ ಎಲ್ಲರಿಗಿಂತ ಮುಂದೆ ಹೋಗಿ ಕೂತರು. ಹಿಂದೆ ಕೂತವರಿಗೆ ಪಾಠವೂ ಆಯಿತು. "ಹೆದರಬ್ಯಾಡ್ರಿ, ಪಟ್ಟಿ ಬಿಗೀತಾರ, ಅಷ್ಟ. ನಂದು ಮೊದಲು ನೋಡ್ಲಿ, ಮಿಷನ್ನಿಗೆ ರೂಢಿ ಆಗ್ತೈತಿ." ಸಹಾಯಕ ಸಾಯಿನಾಥ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ. ಡಾಕ್ಟರು ಕರುಣಾ ಎಂಬ ಸಣ್ಣ ವಯಸ್ಸಿನ ಹುಡುಗಿ.

"ಎಷ್ಟು ಬಂತವ್ವ? ಎರಡ್ನೂರು ದಾಟೈತೇನು?" ಅತ್ತೆ ಕೇಳಿದರು.

"ತೊಂಬತ್ತು. ಮೀಕು ಲೋ ಬಿಪಿ ಉಂದಮ್ಮಾ."

"ಮಿಷನ್ ಕೆಟ್ಟೈತಿ. ಈ ಕೈ ನೋಡು."

ಆ ಕೈ ನೋಡಿದರು. ಇನ್ನೂ ಎರಡು ಕಡಿಮೆ ಬಂತು. ಸಾಯಿನಾಥನ ತೋಳಿಗೆ ಸುತ್ತಿ ನೋಡಿದರೆ ಮಿಷನ್ನು ನೆಟ್ಟಗಿತ್ತು. ಆ ಹುಡುಗಿ ಪಾಪ, ತೆಲುಗು ಕನ್ನಡ ಬೆರೆಸಿ ಸಮಾಧಾನದಿಂದ ತಿಳಿಸಿ ಹೇಳಿದಳು. ರಕ್ತ ಓಡುವ ಜೋರು ಕಡಿಮೆ ಇದೆ, ಅದಕ್ಕೇ ಕುಣಿಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ, ಇದಕ್ಕೆ ಹೈಪೊಟೆನ್ಷನ್ ಅನ್ನುತ್ತಾರೆ, ನೀರು ಮಜ್ಜಿಗೆ ಕುಡಿಯಬೇಕು, ಉಪ್ಪು ಬಿಡಬಾರದು. ಆಮೇಲೆ ಕೇಳಿದಳು, "ಈ ಬಿಪಿ ಗುಳಿಗೆ ಯಾರು ಬರೆದು ಕೊಟ್ಟರಮ್ಮಾ?"

"ಮಕ್ತಲದಾಗ ಕೊಡ್ತಾರ," ಅಂದರು ಅತ್ತೆ ಗತ್ತಿನಿಂದ.

"ಇವತ್ತೇ ನಿಲ್ಲಿಸ್ರಿ. ಇದು ನಿಮಗ ಅಪಾಯ. ಚೀಟಿ ತಗೊಂಡು ಆಸ್ಪತ್ರೆಗೆ ಬರ್ರಿ."

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಶಂಕ್ರಮ್ಮ ಹಿಂದಿನಿಂದ ಕತ್ತು ಚಾಚಿದಳು. "ಡಾಕ್ಟರಮ್ಮ, ಲೋ ಬಿಪಿ ಇದ್ದೋರಿಗೆ ಸಿಟ್ಟು ಬರ್ತೈತೇನ್ರಿ?"

"ಸಿಟ್ಟಿಗೂ ಬಿಪಿಗೂ ಸಂಬಂಧ ಇಲ್ಲಮ್ಮಾ. ಹೈ ಬಿಪಿ ಇದ್ದು ನಕ್ಕೋತ ಇರೋರು ಎಷ್ಟೋ ಮಂದಿ ಅದಾರೆ."

"ಹಂಗಾದ್ರ ಇಷ್ಟು ವರ್ಷ ಗುರುಲಿಂಗಕ್ಕ…" ಎಂದು ಶಂಕ್ರಮ್ಮ ಶುರುಮಾಡಿ ನಾಲಿಗೆ ಕಚ್ಚಿಕೊಂಡಳು. ಅಷ್ಟು ಸಾಕಾಯಿತು. ಓಣಿಗೆ ಓಣಿಯೇ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕಾಡಿತು. ನಮ್ಮ ಮಾವ ಮೂಲೆಯಲ್ಲಿ ನಿಂತಿದ್ದವರು "ಕಮ್ಮೀನಾ?" ಎಂದು ಒಂದೇ ಒಂದು ಸಲ ಕೇಳಿ, ಗೋಡೆಗೆ ಮುಖ ತಿರುಗಿಸಿ ನಿಂತರು. ಅವರ ಭುಜ ಅಲುಗುತ್ತಿದ್ದದ್ದು ನನಗೆ ಕಂಡಿತು. ಅತ್ತೆ ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು.

ಅವತ್ತು ನಾನು ಸಾರಿಗೆ ಉಪ್ಪು ಹಾಕಿದೆ. ಮಾವ ಮೊದಲ ತುತ್ತಿಗೇ ಕಣ್ಣು ಒರೆಸಿಕೊಂಡರು. ಅತ್ತೆ ಮಾತ್ರ ತಟ್ಟೆ ದೂಡಿದರು. ನನಗೆ ಆಗಲೇ ಅರ್ಥವಾಗಿತ್ತು. ಉಪ್ಪು ತಿಂದರೆ ಬಿಪಿ ಇಲ್ಲವೆಂದು ಒಪ್ಪಿದ ಹಾಗೆ. ಬಿಪಿ ಇಲ್ಲವೆಂದರೆ ಈ ಮನೆಯಲ್ಲಿ ಅವರ ಮಾತಿಗೆ ಹೆದರುವವರು ಯಾರು? ಹೋದದ್ದು ಬರೀ ಬಿಪಿಯಲ್ಲ, ಅವರ ಗಾದಿಯೇ ಅಲುಗುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಅವರು ಜೀವ ಕೊಡಲೂ ತಯಾರಿದ್ದರು, ಅದೇ ನನ್ನ ಹೆದರಿಕೆ.

ಎರಡು ದಿನ ಮನೆಯಲ್ಲಿ ಬೈಗಳಿಲ್ಲ. ಮೂರನೆಯ ದಿನ ಮಗನನ್ನು ಕರೆದು ಕೇಳಿದರು. "ಮಲ್ಲೇಶ, ಆ ಹುಡುಗಿ ಏನೋ ದೊಡ್ಡ ಹೆಸರು ಅಂದ್ಲಲ್ಲ, ಇನ್ನೊಮ್ಮೆ ಅನ್ನು."

"ಹೈಪೊಟೆನ್ಷನ್, ಯವ್ವ."

ಮಗ್ಗದಲ್ಲಿ ಕೂತು ಕಲಿತರು. ಲಾಳಿ ಆ ಕಡೆ ಹೋದರೆ "ಹೈಪೊ", ಈ ಕಡೆ ಬಂದರೆ "ಟೆನ್ಷನ್". ಸಂಜೆಯೊಳಗೆ ಬಾಯಿಪಾಠವಾಯಿತು. ಮರುದಿನ ಶಂಕ್ರಮ್ಮ ಬಂದು ಬಾಗಿಲಲ್ಲಿ ನಿಂತು, "ಏನಕ್ಕ, ಬಿಪಿ ಹೋತಂತಲ್ಲ" ಎಂದು ಚುಚ್ಚಿದಾಗ ಅತ್ತೆ ನಿಟ್ಟುಸಿರು ಬಿಟ್ಟರು.

"ಬಿಪಿ ಎಲ್ಲೈತವ್ವ ಈಗ. ಅದನ್ನ ದಾಟಿ ಹೋಗೇತಿ. ನಂಗೀಗ ಹೈಪೊಟೆನ್ಷನ್ನು."

"ಅಂದ್ರ?"

"ಬಿಪಿ ಏಳನೇ ಕ್ಲಾಸಾದ್ರ ಇದು ಹತ್ತನೇದು ಅಂತ ತಿಳಕೋ. ಎಲ್ಲರಿಗೂ ಬರಂಗಿಲ್ಲ."

ಮಧ್ಯಾಹ್ನದೊಳಗೆ ಓಣಿಗೆ ಸುದ್ದಿ ಹಬ್ಬಿತು. ನಕ್ಕವರೇ ಬಾಳೆಹಣ್ಣು, ಬಿಸ್ಕೀಟು ಹಿಡಿದು ನೋಡಲು ಬಂದರು. ಸೀರೆ ಒಯ್ಯುವ ವ್ಯಾಪಾರಿ ಆಂಜನೇಯುಲು ಬಟ್ಟೆ ಬಿಚ್ಚಿ ತಪ್ಪು ಹುಡುಕಲು ಶುರುಮಾಡಿದರೆ ಅತ್ತೆ ಕಣ್ಣು ಮುಚ್ಚಿ, "ನೋಡಪ್ಪ, ಹುಡುಕು. ನಂಗ ಹೈಪೊಟೆನ್ಷನ್ ಐತಿ, ಆಮ್ಯಾಲೆ ನನ್ನ ನೀನ ಹೊತ್ಕೊಂಡು ಹೋಗಬೇಕಾಗ್ತೈತಿ" ಅಂದರು. ಅವನು "ವದ್ದಮ್ಮಾ, ವದ್ದು", ಬೇಡವೇ ಬೇಡ ಎಂದು ಸೀರೆಯನ್ನು ಹಾಗೆಯೇ ಮಡಚಿ ಚೀಲಕ್ಕೆ ಹಾಕಿಕೊಂಡ. ತರಕಾರಿಯವಳು ಕೇಳದೆಯೇ ಕೊತ್ತಂಬರಿ ಕೊಟ್ಟಳು. ಬೈಗಳು ಹಿಂದಿನದಕ್ಕಿಂತ ಜೋರಾಗಿ ಮರಳಿ ಬಂದವು.

ನನ್ನ ಗಂಡ ಫೋನಿನಲ್ಲಿ ಆ ಹೆಸರು ಹುಡುಕಿ, ಹೈಪೊಟೆನ್ಷನ್ನೂ ಲೋ ಬಿಪಿಯೂ ಒಂದೇ ಎಂದು ನನಗೂ ಮಾವನಿಗೂ ತೋರಿಸಿದ. "ಹೇಳ್ರಿ ನೀವು," ಅಂದೆ. ಮಗ ಅಪ್ಪನನ್ನು ನೋಡಿದ, ಅಪ್ಪ ಮಗನನ್ನು ನೋಡಿದರು. ಗಂಡಸರು! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇತ್ತ ಅತ್ತೆ ಸಪ್ಪೆ ಉಣ್ಣುತ್ತಾ, ಗುಳಿಗೆ ನುಂಗುತ್ತಾ, ದಿನದಿನಕ್ಕೆ ಬಿಳುಚಿಕೊಳ್ಳುತ್ತಿದ್ದರು. ಕಂಬ ಹಿಡಿದು ನಿಲ್ಲುವ ಹೊತ್ತು ಉದ್ದವಾಗುತ್ತಿತ್ತು.

ಗುಳಿಗೆ ಮುಗಿದು ಅವರು ಮಕ್ತಲಕ್ಕೆ ಹೊರಟ ದಿನ, ಶಾಲೆಗೆ ಹೋಗುವ ಮಗನನ್ನು ಮಾವನವರ ಹತ್ತಿರ ಬಿಟ್ಟು, ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಬೇಡವೆನ್ನಲು ಅವರಿಗೆ ನೆಪ ಸಿಗಲಿಲ್ಲ. ಉರುಕುಂದಮ್ಮನವರು ತಂಗಿಯ ತದ್ವಿರುದ್ಧ. ದಪ್ಪ, ಕೆಂಪು, ಸದಾ ನಗು. ಊಟವಾದ ಮೇಲೆ ಅವರು ಗೂಡಿನಿಂದ ಗುಳಿಗೆಯ ಹಾಳೆಗಳನ್ನು ತೆಗೆದರು, ಕತ್ತರಿ ತಂದರು, ಒಂದೊಂದು ಹಾಳೆಯನ್ನೂ ನಟ್ಟನಡುವೆ ಕತ್ತರಿಸಿ ಅರ್ಧ ತಮ್ಮ ಕಡೆ, ಅರ್ಧ ತಂಗಿಯ ಕಡೆ ಇಟ್ಟರು.

"ಇದೇನ್ರಿ ದೊಡ್ಡತ್ತಿ?"

"ನಂಗ ತಿಂಗಳಾ ದವಾಖಾನಿಯಿಂದ ಕೊಡ್ತಾರವ್ವ. ಬಿಪಿ ಐತಲ್ಲ ನಂಗ. ನಮ್ಮವ್ವ ಒಂದು ರೊಟ್ಟಿ ಮಾಡಿದ್ರೂ ಎರಡು ತುಂಡು ಮಾಡಿ ಕೊಡ್ತಿದ್ಲು. ಸಾಯೋ ಮುಂದನೂ ಅಂದ್ಲು, ಏನ ಇದ್ರೂ ಅರ್ಧ ಅರ್ಧ ಹಂಚಿಕೊಳ್ರಿ ಅಂತ. ಅಕ್ಕಗ ಐತಿ ಅಂದ್ರ ತಂಗಿಗೂ ಇರಬೇಕಲ್ಲ."

"ನಿಮ್ಮ ಬಿಪಿ ಇಳಿದೈತೇನ್ರಿ?"

"ಎಲ್ಲಿ ಇಳೀತೈತಿ! ನರ್ಸಮ್ಮ ಬಂದಾಗೊಮ್ಮೆ ಬೈತಾಳ, ಗುಳಿಗಿ ನುಂಗಿದ್ರೂ ಯಾಕ ಇಳಿಯಂಗಿಲ್ಲ ಅಂತ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಕ್ಕನಿಗೆ ಬೇಕಾದ ಗುಳಿಗೆಯಲ್ಲಿ ಅರ್ಧ ತಂಗಿಗೆ ಬಂದು ಅಕ್ಕನ ಬಿಪಿ ಇಳಿಯುತ್ತಿಲ್ಲ, ಬೇಡವಾದ ಗುಳಿಗೆ ತಿಂದು ತಂಗಿಯ ಬಿಪಿ ಏರುತ್ತಿಲ್ಲ. ಅವ್ವನ ಮಾತು ನಡೆಸಲು ಹೋಗಿ ಅಕ್ಕತಂಗಿಯರು ಸಾವನ್ನೂ ಅರ್ಧ ಅರ್ಧ ಹಂಚಿಕೊಳ್ಳುತ್ತಿದ್ದರು. ನನ್ನ ಮುಖ ನೋಡಿ ಅತ್ತೆಗೆ ಗಾಬರಿಯಾಯಿತೋ ಏನೋ, "ನಡಿ ನಡಿ, ಬಸ್ಸಿಗೆ ಹೊತ್ತಾತು" ಎಂದು ದಡಬಡಿಸಿ ಎದ್ದರು. ಎದ್ದವರು ಹಾಗೆಯೇ ಬಾಗಿಲ ಹತ್ತಿರ ಕುಸಿದು ಬಿದ್ದರು.

ಕಾಲು ಎತ್ತಿ ದಿಂಬಿನ ಮೇಲಿಟ್ಟೆವು, ಮುಖಕ್ಕೆ ನೀರು ಹಾಕಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಅತ್ತೆ ಆಡಿದ ಮೊದಲ ಮಾತು, "ಬಿಪಿ ಏರೈತಿ. ಗುಳಿಗಿ ಕೊಡು."

ಅಷ್ಟೇ. ಇಷ್ಟು ವರ್ಷ ಹಾಕಿದ್ದ ಬೀಗ ಮುರಿದುಬಿತ್ತು.

"ಬಾಯಿ ಮುಚ್ರಿ ಅತ್ತೀ! ಏರಿಲ್ಲ, ಇಳಿದೈತಿ! ಹೈಪೊಟೆನ್ಷನ್ ಅಂದ್ರ ಲೋ ಬಿಪಿ! ಸತ್ತು ದೊಡ್ಡಾಕಿ ಆಗಾಕ ಹೊಂಟೀರೇನು? ನೀವು ಸತ್ರ ನನ್ನ ಬೈಯಾಕ ಯಾರನ್ನ ತರ್ಲಿ?"

ಮಕ್ತಲದ ಆ ಓಣಿಯವರೆಲ್ಲ ಬಾಗಿಲಲ್ಲಿ ಸೇರಿದ್ದರು. ಅತ್ತೆ ಮಲಗಿದಲ್ಲಿಂದಲೇ ನನ್ನನ್ನು ಪಿಳಿಪಿಳಿ ನೋಡಿದರು. "ಅಕ್ಕಾ, ಈಕಿಗೆ ಬಿಪಿ ಬಂದೈತಿ ನೋಡು," ಅಂದರು ಸಣ್ಣ ದನಿಯಲ್ಲಿ.

"ಬಿಪಿ ಇಲ್ಲ! ಸಿಟ್ಟು! ನನ್ನ ಸಿಟ್ಟು, ನಂದ!" ಎಂದು ಕಿರುಚಿ ಗೊಳೋ ಎಂದು ಅತ್ತುಬಿಟ್ಟೆ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಸಲೈನ್ ಹಚ್ಚಿದರು. ಅದು ಉಪ್ಪುನೀರು ಎಂದು ನರ್ಸಮ್ಮ ಹೇಳಿದಾಗ ಅತ್ತೆ ಆ ಬಾಟಲಿಯನ್ನು ಶತ್ರುವನ್ನು ನೋಡಿದ ಹಾಗೆ ನೋಡಿದರು. ಇಷ್ಟು ವರ್ಷ ಬಾಯಿಗೆ ಬಿಡದ ಉಪ್ಪು ಕೈಯಿಂದ ಒಳಗೆ ಹೋಗುತ್ತಿತ್ತು. ಅಲ್ಲಿಯ ಡಾಕ್ಟರು ಅಕ್ಕತಂಗಿಯರಿಬ್ಬರನ್ನೂ ಚೆನ್ನಾಗಿ ಬೈದು, ಗುಳಿಗೆ ಪೂರ್ತಿ ಅಕ್ಕನಿಗೆ, ಉಪ್ಪು ತಂಗಿಗೆ ಎಂದು ತೀರ್ಪು ಕೊಟ್ಟರು. "ಮತ್ತ ಉಪ್ಪಿನಾಗ ನಂಗ ಅರ್ಧ?" ಎಂದು ಉರುಕುಂದಮ್ಮನವರು ಕೇಳಿ ಇನ್ನೊಮ್ಮೆ ಬೈಸಿಕೊಂಡರು.

ಡಾಕ್ಟರೂ ಅಕ್ಕನೂ ಹೊರಗೆ ಹೋದ ಮೇಲೆ ಅತ್ತೆ ಮೇಲಿನ ಫ್ಯಾನು ನೋಡುತ್ತಾ ಕರೆದರು.

"ಗಂಗೀ."

"ಏನ್ರಿ."

"ಆ ಡಾಕ್ಟರ ಹುಡುಗಿ ಅಂದದ್ದು ಖರೇನ? ಸಿಟ್ಟಿಗೂ ಬಿಪಿಗೂ ಸಂಬಂಧ ಇಲ್ಲಂತ?"

"ಖರೇ ರೀ."

"ಹಂಗಾದ್ರ ಇಷ್ಟು ದಿನ ಬೈದದ್ದೆಲ್ಲಾ ನಾನ ಬೈದದ್ದಾ?"

ನನಗೆ ಅಯ್ಯೋ ಅನ್ನಿಸಿತು. ಆದರೂ ಸುಳ್ಳು ಹೇಳಲಿಲ್ಲ. "ನೀವ ರೀ."

"ನಿಮ್ಮವ್ವಗ ಅಂದದ್ದೂ?"

ಅದನ್ನು ಅವರು ನೆನಪಿಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ಬಾಣಂತನ ಮುಗಿಸಿ ಕೂಸಿನ ಜೊತೆ ನನ್ನನ್ನು ಬಿಡಲು ಬಂದಿದ್ದ ನನ್ನವ್ವ ಸುಗುಣಮ್ಮ, ಬೀಗತಿಗೆಂದು ತಾನೇ ನೇಯ್ದ ಗದ್ವಾಲ ಸೀರೆ ತಂದಿದ್ದಳು. ತಿಂಗಳುಗಟ್ಟಲೆ ಕೂತು ನೇಯ್ದದ್ದು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುವ ಜಾಗ ಹಿಡಿದು ಎಳೆದು, ಓಣಿಯ ಹೆಂಗಸರ ಎದುರಿಗೆ ಅತ್ತೆ ಅಂದಿದ್ದರು, "ಇದು ಸೀರೀನೋ, ತ್ಯಾಪಿ ಹಚ್ಚಿದ ಚೀಲಾನೋ?" ನನ್ನವ್ವ ಸೀರೆ ಮಡಚಿ ಚೀಲದಲ್ಲಿಟ್ಟುಕೊಂಡಳು. ಹೋಗುವಾಗ ನನಗೇ ಸಮಾಧಾನ ಹೇಳಿದಳು, "ಮನಸಿಗೆ ಹಚ್ಚಿಕೋಬ್ಯಾಡವ್ವ, ಪಾಪ, ಆಕಿಗೆ ಬಿಪಿ ಐತಿ." ಆಮೇಲೆ ಅವಳು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

"ಅದೂ ನೀವ ರೀ," ಅಂದೆ.

ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ಅಲ್ಲಿಂದಲೇ ಕೇಳಿದರು. "ಇಲ್ಲಿಂದ ಗದ್ವಾಲಕ್ಕ ಬಸ್ ಐತೇನು?"

ಅಕ್ಕನ ಮನೆಯಲ್ಲಿ ಚೇತರಿಸಿಕೊಂಡು, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ನಾರಾಯಣಪೇಟೆಯ ಬಸ್ಸು ಬಿಟ್ಟು ಗದ್ವಾಲದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಏನೋ ಗುನುಗುತ್ತಿ‌ದ್ದರು. ಏನು ಹೇಳಬೇಕೆಂದು ಕಲಿಯುತ್ತಿದ್ದರು ಅನ್ನಿಸುತ್ತದೆ. ಇಂಥ ಮಾತು ಅವರಿಗೆ ರೂಢಿಯಿಲ್ಲ.

ನನ್ನವ್ವ ಬೀಗತಿಯನ್ನು ಬಾಗಿಲಲ್ಲಿ ಕಂಡು ಗಡಬಡಿಸಿ ಮಗ್ಗದಿಂದ ಎದ್ದು ಬಂದಳು. ನನ್ನನ್ನು ಪಕ್ಕಕ್ಕೆ ಎಳೆದು ಕೇಳಿದ ಮೊದಲ ಪ್ರಶ್ನೆ, "ಗುಳಿಗಿ ನುಂಗ್ಯಾರೇನ?"

"ನುಂಗಿಲ್ಲ ಬೀಗತೀ," ಅತ್ತೆಯ ಕಿವಿ ಬಹಳ ಚುರುಕು. "ಇನ್ನ ನುಂಗಂಗಿಲ್ಲ. ನಂಗ ಬಿಪಿ ಇಲ್ಲ. ಎಂದೂ ಇರಲಿಲ್ಲ. ಅವತ್ತು ನಿಮ್ಮ ಸೀರಿಗೆ ಅಂದದ್ದು ಬಿಪಿ ಅಲ್ಲ, ನಾನ. ಸೀರಿ ಚಂದಿತ್ತು. ನನ್ನ ಕೈಲೆ ಅಂಥಾದ್ದು ಆಗಂಗಿಲ್ಲ ಅಂತ ಹೊಟ್ಟಿ ಉರೀತು. ತಪ್ಪಾತು." ಒಂದೇ ಉಸಿರಿಗೆ ಹೇಳಿ, ಏದುಸಿರು ಬಿಡುತ್ತಾ ಅಲ್ಲೇ ಕಟ್ಟೆಯ ಮೇಲೆ ಕೂತರು. "ಆ ಸೀರಿ ಎಲ್ಲೈತಿ? ಕೊಡ್ರಿ, ಉಟ್ಕೊಂಡ ಊರಿಗೆ ಹೋಗ್ತೀನಿ."

"ಮಾರಿಬಿಟ್ಟೆ ರೀ. ಚಲೋ ರೇಟು ಬಂತು."

ಅತ್ತೆ ತಲೆ ತಗ್ಗಿಸಿದರು. ನನ್ನವ್ವ ಅವರ ಪಕ್ಕದಲ್ಲಿ ಹೋಗಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತಲೇ ಹೇಳಿದಳು.

"ನಂಗೂ ಅವತ್ತು ಸಿಟ್ಟು ಬಂದಿತ್ತು ಬೀಗತೀ. ಭಾಳ ಬಂದಿತ್ತು. ನಿಮಗಾದ್ರ ಬಿಪಿ ಐತಿ ಅಂತಿದ್ರು. ನಂಗ ಏನೂ ಇರಲಿಲ್ಲ, ಅದಕ್ಕ ಸುಮ್ಮನ ಬಸ್ ಹತ್ತಿ ಬಂದೆ."